ಎರಡು ನದಿಗಳ ನಡುವೆ ಎರಡು ದಿನ

ರಾಯಚೂರು ಎಂದೊಡನೆ ಹೊರಗಿನವರಿಗೆ ಮೊದಲು ನೆನಪಾಗುವುದು ಬಿಸಿಲು. ಆಮೇಲೆ ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ಸೋನಾ ಮಸೂರಿ ಅಕ್ಕಿ. ಇನ್ನೂ ಹಲವರಿಗೆ ರಾಯಚೂರೆಂದರೆ ಒಂದು ರೈಲು ನಿಲ್ದಾಣ. ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿಕೊಂಡದ್ದು ಇಲ್ಲಿಯೇ. ಅಂದಿನಿಂದ ಇಂದಿನವರೆಗೆ ಲೆಕ್ಕವಿಲ್ಲದಷ್ಟು ಜನ ಈ ನಿಲ್ದಾಣದಲ್ಲಿ ಇಳಿದಿದ್ದಾರೆ. ಆದರೆ ಅವರಲ್ಲಿ ಬಹುಪಾಲು ಮಂದಿ ಊರು ನೋಡಲು ಇಳಿದವರಲ್ಲ. ಮಂತ್ರಾಲಯಕ್ಕೋ ಹಂಪಿಗೋ ಹೋಗುವ ಅವಸರದಲ್ಲಿ ಇಳಿದು, ಬಸ್ಸು ಹಿಡಿದು, ಕೋಟೆಯ ಗೋಡೆಯ ಪಕ್ಕದಲ್ಲೇ ಹಾದು ಹೋದವರು.

ಹಾಗೆ ಹಾದು ಹೋಗುವವರು ಎರಡು ದಿನ ಇಲ್ಲಿಯೇ ಉಳಿದರೆ ನೋಡುವುದಕ್ಕೆ ಏನಿದೆ? ಈ ಪ್ರಶ್ನೆಗೆ ಉತ್ತರವಾಗಿ ಸ್ಥಳಗಳ ಪಟ್ಟಿಯೊಂದನ್ನು ಕೊಟ್ಟುಬಿಡುವುದು ಸುಲಭ. ಪಟ್ಟಿ ಕೈಯಲ್ಲಿ ಹಿಡಿದು ಓಡಾಡಿದವರಿಗೆ ಸಂಜೆಯ ಹೊತ್ತಿಗೆ ಕಾಲು ನೋವು ಉಳಿಯುತ್ತದೆಯೇ ಹೊರತು ಊರು ಮನಸ್ಸಿನಲ್ಲಿ ಉಳಿಯುವುದಿಲ್ಲ. ಸಣ್ಣ ಪ್ರವಾಸವನ್ನು ಯೋಜಿಸುವುದೆಂದರೆ ಏನನ್ನು ನೋಡಬೇಕು ಎನ್ನುವುದಕ್ಕಿಂತ ಏನನ್ನು ತಿಳಿಯಬೇಕು ಎಂದು ಮೊದಲು ಗೊತ್ತುಮಾಡಿಕೊಳ್ಳುವುದು. ರಾಯಚೂರಿನ ಮಟ್ಟಿಗೆ ಅಂಥ ಪ್ರಶ್ನೆಗಳು ಎರಡು. ಈ ನೆಲಕ್ಕಾಗಿ ಅಷ್ಟೊಂದು ಅರಸರು ಏಕೆ ಬಡಿದಾಡಿದರು? ಬಡಿದಾಡಿದವರೆಲ್ಲ ಹೋದ ಮೇಲೆ ಇಲ್ಲಿ ಉಳಿದದ್ದೇನು? ಮೊದಲನೆಯದಕ್ಕೆ ಉತ್ತರ ರಾಯಚೂರು ನಗರದಲ್ಲಿದೆ. ಎರಡನೆಯದಕ್ಕೆ ದೇವದುರ್ಗ, ಮಾನ್ವಿಗಳ ಹಾದಿ ಹಿಡಿಯಬೇಕು.

ಎಡೆದೊರೆ ನಾಡು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಗಳ ನಡುವೆ ಚಾಚಿಕೊಂಡ ಈ ಸೀಮೆಯನ್ನು ಶಾಸನಗಳು ‘ಎಡೆದೊರೆ ನಾಡು’ ಎಂದು ಕರೆದಿವೆ. ತೊರೆಗಳ ಎಡೆಯಲ್ಲಿರುವ ನಾಡು ಎಂಬ ಅರ್ಥದ ಅಚ್ಚಗನ್ನಡದ ಹೆಸರಿದು. ಪಾರ್ಸಿ ಬಲ್ಲವರು ಇದನ್ನೇ ‘ದೋಆಬ್’ ಎಂದರು. ಎರಡು ನೀರುಗಳ ನಾಡು ಎಂದು ಅದರ ಅರ್ಥ.

ಹೊಳೆಗಳು ನೆಲಕ್ಕೆ ನೀರು ಕೊಡುತ್ತವೆ. ರಾಜ್ಯಗಳಿಗೆ ಗಡಿಯನ್ನೂ ಕೊಡುತ್ತವೆ. 14ನೇ ಶತಮಾನದಲ್ಲಿ ತುಂಗಭದ್ರೆಯ ದಡದಲ್ಲಿ ವಿಜಯನಗರ ತಲೆಯೆತ್ತಿತು. ಕೃಷ್ಣೆಯ ಆಚೆ 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು. ನಡುವಿನ ಈ ತುಂಡು ನೆಲ ಯಾರ ಕೈಯಲ್ಲಿರುತ್ತದೋ ಅವರು ಎದುರಾಳಿಯ ಮನೆಬಾಗಿಲಿಗೆ ಬಂದು ನಿಂತಂತೆ. ವಿಜಯನಗರಕ್ಕೆ ಕೃಷ್ಣೆಯೇ ಗಡಿಯಾದರೆ ರಾಜಧಾನಿ ಸುರಕ್ಷಿತ. ತುಂಗಭದ್ರೆ ಗಡಿಯಾದರೆ ಶತ್ರು ಹೊಳೆಯ ಆಚೆ ದಡದಲ್ಲೇ. ಇದರ ಮೇಲೆ ಹತ್ತಿ, ಜೋಳ ಬೆಳೆಯುವ ಎರೆಭೂಮಿ, ನೆಲದೊಳಗೆ ಚಿನ್ನ, ರಾಯಚೂರು, ಮುದಗಲ್ಲುಗಳೆಂಬ ಎರಡು ಗಟ್ಟಿ ಕೋಟೆಗಳು. ಎರಡು ಶತಮಾನಗಳ ಕಾಲ ಈ ನೆಲ ಕೈಯಿಂದ ಕೈಗೆ ದಾಟುತ್ತಲೇ ಇತ್ತು ಎಂಬುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೊರಡುವವರು ಕಾಲವನ್ನೂ ನೋಡಿಕೊಳ್ಳಬೇಕು. ಇಲ್ಲಿಯ ಬೇಸಿಗೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಏಪ್ರಿಲ್, ಮೇ ತಿಂಗಳಲ್ಲಿ ಕೋಟೆಯ ಬಂಡೆಗಳು ಕಾದ ಹೆಂಚಾಗಿರುತ್ತವೆ. ನವೆಂಬರಿನಿಂದ ಫೆಬ್ರುವರಿಯವರೆಗಿನ ದಿನಗಳು ತಿರುಗಾಟಕ್ಕೆ ಹಿತ. ಆಗಲೂ ಬೆಳಿಗ್ಗೆ ಬೇಗ ಹೊರಟು, ಮಧ್ಯಾಹ್ನ ಉಂಡು ನೆರಳಿನಲ್ಲಿ ಕುಳಿತು, ಮತ್ತೆ ಇಳಿಹೊತ್ತಿಗೆ ಹೊರಡುವುದು ಈ ಊರಿನ ಪದ್ಧತಿ. ಬೆಳಗಿನ ಉಪಾಹಾರಕ್ಕೆ ಮಂಡಾಳ ಒಗ್ಗರಣೆ, ಜೊತೆಗೆ ಮಿರ್ಚಿ. ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಮಾತಿಗೆ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ಒಂದೇ ಅಂಗಡಿಯಲ್ಲಿ ಮೂರನ್ನೂ ಕೇಳಬಹುದು.

ಮೊದಲ ದಿನ: ಗೋಡೆಯಲ್ಲಿರುವ ಗಾಡಿ

ಮೊದಲ ದಿನಕ್ಕೆ ವಾಹನ ಬೇಡ, ಕಾಲುಗಳು ಸಾಕು. ಬಸ್ ನಿಲ್ದಾಣದ ಸಮೀಪದಲ್ಲೇ ಕೋಟೆಯ ಒಳಗೋಡೆಯ ಪಶ್ಚಿಮ ಭಾಗವಿದೆ. ಇಡೀ ಪ್ರವಾಸ ಶುರುವಾಗಬೇಕಾದದ್ದು ಇಲ್ಲಿಂದ. ಗೋಡೆಯಲ್ಲಿ ಅಡ್ಡಲಾಗಿ ಕೂರಿಸಿದ ಒಂದು ಕಲ್ಲಿದೆ. ಅದರ ಉದ್ದ 41 ಅಡಿಗೂ ಹೆಚ್ಚು. ಒಂದೇ ಕಲ್ಲು, ತುಂಡು ಜೋಡಿಸಿದ್ದಲ್ಲ. ಅದರ ಮೇಲೆ 1294ನೇ ಇಸವಿಯ ಶಾಸನವಿದೆ. ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿಯ ಹೆಸರೂ ವಿಠ್ಠಲನ ಹೆಸರೂ ಅದರಲ್ಲಿ ಬರುತ್ತವೆ. ಆದವಾನಿ, ಮಾನುವ ಮುಂತಾದ ಕೋಟೆಗಳನ್ನು ಗೆದ್ದು ರಾಯಚೂರನ್ನು ಹೊಕ್ಕು, ಸಕಲ ಜನರ ರಕ್ಷಣೆಗಾಗಿ ಈ ಕಲ್ಲುಕೋಟೆ ಕಟ್ಟಿಸಿದ್ದಾಗಿ ಶಾಸನದ ಒಕ್ಕಣೆ. ಅದರಲ್ಲಿನ ಮಾನುವವೇ ಇಂದಿನ ಮಾನ್ವಿ. ಏಳು ನೂರು ವರ್ಷಗಳ ಹಿಂದೆಯೇ ರಾಯಚೂರಿನ ಕಥೆಯಲ್ಲಿ ಮಾನ್ವಿ ಸೇರಿಕೊಂಡಿದೆ.

ಅಕ್ಷರ ಓದಲು ಬಾರದವರೂ ಓದಬಹುದಾದ ಇನ್ನೊಂದು ಬರಹ ಅಲ್ಲಿಯೇ ಇದೆ. ಆ ಕಲ್ಲನ್ನು ಗಣಿಯಿಂದ ಇಲ್ಲಿಗೆ ತಂದದ್ದು ಹೇಗೆ ಎಂಬುದನ್ನು ಗೆರೆಗಳಲ್ಲಿ ಕೊರೆದು ತೋರಿಸಿದ್ದಾರೆ. ಅಚ್ಚುಗಟ್ಟಾದ ದಿಮ್ಮಿ ಗಾಲಿಗಳ ಉದ್ದನೆಯ ಗಾಡಿ. ಅದರ ಮೇಲೆ ಮಲಗಿಸಿದ ಕಲ್ಲು. ಮುಂದೆ ಜೋಡಿ ಜೋಡಿಯಾಗಿ ನೊಗ ಹೊತ್ತ ಜಾನುವಾರುಗಳ ಸಾಲು. ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಆಳುಗಳು. ಶಾಸನಗಳು ಸಾಮಾನ್ಯವಾಗಿ ಕಟ್ಟಿಸಿದವನ ಹೆಸರು ಹೇಳುತ್ತವೆ. ಕಟ್ಟಿದವನನ್ನು ತೋರಿಸುವುದು ಅಪರೂಪ. ರಾಯಚೂರಿನ ಈ ಕಲ್ಲು ತನ್ನನ್ನು ಹೊತ್ತವರನ್ನೂ ಎಳೆದವರನ್ನೂ ನೆನಪಿಟ್ಟುಕೊಂಡಿದೆ. ಇದೊಂದನ್ನು ನೋಡಲು ಅರ್ಧ ಗಂಟೆ ಕೊಟ್ಟರೂ ಹೊತ್ತು ಹಾಳಾಗುವುದಿಲ್ಲ.

ಒಳಗೋಡೆಯ ಕಟ್ಟಡವನ್ನೂ ಗಮನಿಸಬೇಕು. ದೊಡ್ಡ ದೊಡ್ಡ ಕಲ್ಲುಗಳನ್ನು ಕೆತ್ತಿ, ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಭಾರವೇ ಅದಕ್ಕೆ ಬಂಧ. ಅದರ ಹೊರಗೆ ಇನ್ನೊಂದು ಸುತ್ತು ಗೋಡೆ, ಅದಕ್ಕೂ ಹೊರಗೆ ಕಂದಕ. ಹೊರಸುತ್ತು ಬಹಮನಿ ಮತ್ತು ಬಿಜಾಪುರದ ಆದಿಲ್‌ಶಾಹಿ ಅರಸರ ಕಾಲದ್ದು. ಒಳಗೆ ಒಂದು ಆಳ್ವಿಕೆ, ಹೊರಗೆ ಇನ್ನೊಂದು. ಬಂದವರು ಹಿಂದಿನವರ ಗೋಡೆಯನ್ನು ಕೆಡವಲಿಲ್ಲ. ಅದಕ್ಕೆ ಇನ್ನೊಂದು ಸುತ್ತು ಕಟ್ಟಿದರು.

ಹೊರಗೋಡೆಯ ಬಾಗಿಲುಗಳ ಹೆಸರುಗಳೇ ಒಂದು ಪಾಠ. ಪಶ್ಚಿಮಕ್ಕೆ ಮೆಕ್ಕಾ ದರವಾಜಾ, ಉತ್ತರಕ್ಕೆ ನವರಂಗಿ ದರವಾಜಾ, ಪೂರ್ವಕ್ಕೆ ಕಾಟಿ ದರವಾಜಾ, ದಕ್ಷಿಣಕ್ಕೆ ಖಂದಕ್ ದರವಾಜಾ. ಒಳಸುತ್ತಿಗೆ ಸೈಲಾನಿ ಮತ್ತು ಸಿಕಂದರಿ ಎಂಬ ಬಾಗಿಲುಗಳು. ಎಲ್ಲವನ್ನೂ ನೋಡುವ ವ್ಯವಧಾನ ಇಲ್ಲದವರು ನವರಂಗಿಯೊಂದನ್ನು ಬಿಡಬಾರದು. ಅದರ ಕಲ್ಲುಗಳಲ್ಲಿ ಶಿಲ್ಪಗಳಿವೆ. ಸುಲ್ತಾನರ ಕಾಲದ ಗೋಡೆಯಲ್ಲಿ ಹಿಂದೂ ದೇವತೆಗಳ, ಅರಸರ ಚಿತ್ರಗಳು ಕಾಣುತ್ತವೆ. ಒಂದೇ ಬಾಗಿಲಿನಲ್ಲಿ ಹಲವು ಆಳ್ವಿಕೆಗಳು ಗುರುತು ಬಿಟ್ಟುಹೋಗಿವೆ.

ಕಲ್ಲಿಗೆ ಕೂಲಿ

ಈ ಗೋಡೆಗಳ ಮುಂದೆ ನಿಂತಾಗ 1520ನೇ ಇಸವಿಯನ್ನು ನೆನೆಯಬೇಕು. ಆ ವರ್ಷದ ಬೇಸಿಗೆಯಲ್ಲಿ ಕೃಷ್ಣದೇವರಾಯ ದೊಡ್ಡ ದಂಡಿನೊಡನೆ ಬಂದು ರಾಯಚೂರಿಗೆ ಮುತ್ತಿಗೆ ಹಾಕಿದ. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆಯನ್ನು ದಾಟಿ ಎದುರಿಗೆ ಬಂದ. ಸುಮಾರು ಹದಿನೈದು ವರ್ಷಗಳ ನಂತರ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನೂನಿಜ್ ಈ ಕದನದ ವಿವರವನ್ನು ಬರೆದಿಟ್ಟಿದ್ದಾನೆ. ಅವನ ಪ್ರಕಾರ ಜಗಳದ ಕಿಡಿ ಹೊತ್ತಿದ್ದು ಕುದುರೆಗಳಿಂದ. ಗೋವೆಯಲ್ಲಿ ಕುದುರೆ ಕೊಳ್ಳಲು ರಾಯನಿಂದ 40,000 ಪರ್ದಾವು ಪಡೆದವನೊಬ್ಬ ಹಣದೊಡನೆ ಬಿಜಾಪುರದ ಕಡೆಗೆ ಓಡಿಹೋದ. ಅವನನ್ನು ಒಪ್ಪಿಸಲು ಆದಿಲ್ ಶಾಹ ಒಪ್ಪಲಿಲ್ಲ.

ಕಾಳಗದ ಮೊದಲ ಹೊತ್ತು ಬಿಜಾಪುರದ್ದೇ ಆಗಿತ್ತು. ಅವರ ತೋಪುಗಳ ಹೊಡೆತಕ್ಕೆ ವಿಜಯನಗರದ ಮುಂಚೂಣಿ ಚದುರಿತು. ಆದರೆ ತೋಪಿಗೆ ಮತ್ತೆ ಮದ್ದು ತುಂಬುವುದರೊಳಗೆ ರಾಯನ ದಂಡು ಮರಳಿ ಏರಿಹೋಯಿತು. ಬಿಜಾಪುರದವರು ಹೊಳೆಯತ್ತ ಹಿಮ್ಮೆಟ್ಟಿದರು. ಗೆದ್ದ ರಾಯ ಮರಳಿ ರಾಯಚೂರಿನ ಗೋಡೆಯ ಮುಂದೆ ಬಂದು ನಿಂತ. ನೂನಿಜ್ ಹೇಳುವ ಒಂದು ವಿವರ ಇಲ್ಲಿ ಕಣ್ಣಿಗೆ ಕಟ್ಟುವಂತಿದೆ. ಗುದ್ದಲಿ, ಹಾರೆ ಹಿಡಿದು ಗೋಡೆಯ ಬುಡಕ್ಕೆ ನುಗ್ಗಿ ಕಲ್ಲು ಕಿತ್ತು ತಂದವರಿಗೆ, ಆ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಹಣ ಕೊಡಲಾಗುತ್ತಿತ್ತಂತೆ. ಗೋಡೆಯ ಮೇಲಿನಿಂದ ಬಾಣ, ಗುಂಡು, ಕಲ್ಲುಗಳ ಮಳೆ. ಕೆಳಗೆ ಕಲ್ಲಿಗೆ ಕೂಲಿ. ಅಷ್ಟರಲ್ಲಿ ಕ್ರಿಸ್ಟೊವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸನು 20 ಮಂದಿ ಕೋವಿಕಾರರೊಡನೆ ಬಂದ. ಅವರು ಗೋಡೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಹೊಡೆಯತೊಡಗಿದ ಮೇಲೆ ಕೆಳಗಿನವರ ಕೆಲಸ ಸಲೀಸಾಯಿತು. ಕೋಟೆಯ ಅಧಿಕಾರಿ ಹೊರಗೆ ಬಗ್ಗಿ ನೋಡುವಾಗ ಗುಂಡು ತಗಲಿ ಸತ್ತ. ಊರು ಶರಣಾಯಿತು.

ದಕ್ಷಿಣ ಭಾರತದಲ್ಲಿ ಕೋವಿ, ತೋಪುಗಳು ಯುದ್ಧದ ಗತಿಯನ್ನು ಹೇಗೆ ಬದಲಿಸಿದವು ಎಂದು ಬರೆಯುವ ಇತಿಹಾಸಕಾರರು ಈ ಕದನವನ್ನು ಬಿಡದೆ ಉಲ್ಲೇಖಿಸುತ್ತಾರೆ. ಆದರೂ ಆ ಜಯ ಬಾಳಿದ್ದು ಅರ್ಧ ಶತಮಾನವೂ ಅಲ್ಲ. 1565ರ ತಾಳಿಕೋಟೆ ಕದನದ ನಂತರ ಎಡೆದೊರೆ ನಾಡು ಬಿಜಾಪುರದ ಪಾಲಾಯಿತು. 1686ರಲ್ಲಿ ಬಿಜಾಪುರವೇ ಔರಂಗಜೇಬನ ವಶವಾಯಿತು. ಆಮೇಲೆ ಹೈದರಾಬಾದಿನ ನಿಜಾಮರು. 1853ರಿಂದ 1860ರವರೆಗೆ ಬ್ರಿಟಿಷರ ಆಡಳಿತ, ಮತ್ತೆ ನಿಜಾಮರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಳಗೆ ಸೇರಿತು. 1956ರಲ್ಲಿ ರಾಯಚೂರು ಕನ್ನಡ ನಾಡಿಗೆ ಬಂತು.

ಒಂದೇ ಮಿನಾರು, ಎರಡು ಹೆಸರಿನ ಕೆರೆ

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ‘ಏಕ್ ಮಿನಾರ್ ಕಿ ಮಸೀದಿ’ಗೆ ಹೋಗಬಹುದು. ಮಸೀದಿಗೆ ಜೋಡಿ ಮಿನಾರು ಇರುವುದು ವಾಡಿಕೆ. ಇಲ್ಲಿರುವುದು ಒಂದೇ, ಅದೇ ಇದರ ಹೆಸರಿಗೆ ಕಾರಣ. ಸುಮಾರು 65 ಅಡಿ ಎತ್ತರ, ಎರಡು ಅಂತಸ್ತು. ಹಿಜರಿ 919, ಅಂದರೆ 1513–14ರಲ್ಲಿ ಕಟ್ಟಿದ್ದೆಂದು ಪಾರ್ಸಿ ಶಾಸನ ತಿಳಿಸುತ್ತದೆ. ಬೀದರಿನ ಮಹಮೂದ್ ಗವಾನನ ಮದರಸಾದ ಮಿನಾರನ್ನು ನೋಡಿದವರಿಗೆ ಇದು ಅದರ ತಮ್ಮನಂತೆ ಕಂಡೀತು. ಶಾಸನದಲ್ಲಿ ಬಹಮನಿ ಸುಲ್ತಾನ ಮಹಮೂದ್ ಶಾಹನ ಹೆಸರಿದೆ. ವಿಚಿತ್ರವೆಂದರೆ ಆ ಹೊತ್ತಿಗೆ ಬಹಮನಿ ಅರಸರದು ಹೆಸರಿಗೆ ಮಾತ್ರ ರಾಜ್ಯ. ಅಧಿಕಾರ ಬೇರೆಯವರ ಕೈ ಸೇರಿತ್ತು. ಕೈಯಲ್ಲಿ ಏನೂ ಇಲ್ಲದ ದೊರೆಯ ಹೆಸರನ್ನು ಕಲ್ಲು ಇಂದಿಗೂ ಕಾಪಾಡಿಕೊಂಡು ಬಂದಿದೆ.

ಸಂಜೆಗೆ ಬೆಟ್ಟ. ಕೋಟೆಯ ನಡುವಿನ ಗುಡ್ಡದ ಮೇಲಿನ ಬಾಲಾ ಹಿಸಾರ್ ತಲುಪಿದರೆ ಅಲ್ಲೊಂದು ಉದ್ದನೆಯ ತೋಪು, ಸುತ್ತ ಬಂಡೆಗಳು, ಕೆಳಗೆ ಇಡೀ ಊರು. ಮೇಲಿನಿಂದ ನೋಡಿದಾಗ ಬೆಳಿಗ್ಗೆ ಬಿಡಿಬಿಡಿಯಾಗಿ ಕಂಡದ್ದೆಲ್ಲ ಒಂದು ನಕ್ಷೆಯಾಗಿ ಕೂಡಿಕೊಳ್ಳುತ್ತದೆ. ಒಳಗೋಡೆ ಎಲ್ಲಿ, ಹೊರಗೋಡೆ ಎಲ್ಲಿ, ಗೋಡೆಯನ್ನು ಮೀರಿ ಊರು ಎತ್ತ ಬೆಳೆಯಿತು ಎಂಬುದು ತಿಳಿಯುತ್ತದೆ. ಕೆಳಗಿನ ಕೆರೆಗೆ ಎರಡು ಹೆಸರು. ಕನ್ನಡಿಗರಿಗೆ ಮಾವಿನಕೆರೆ, ಉರ್ದು ಮಾತಾಡುವವರಿಗೆ ಆಮ್ ತಲಾಬ್. ಎರಡಕ್ಕೂ ಅರ್ಥ ಒಂದೇ.

ಅದೇ ಎತ್ತರದಿಂದ ಇನ್ನೊಂದೂ ಕಣ್ಣಿಗೆ ಬೀಳುತ್ತದೆ. ಗೋಡೆಗೆ ಒರಗಿಕೊಂಡ ಮನೆಗಳು, ಕಂದಕದ ಅಂಚಿನವರೆಗೆ ಬಂದ ಅಂಗಡಿಗಳು. ಇದನ್ನು ಅಲ್ಲಿ ವಾಸಿಸುವವರ ತಪ್ಪೆಂದು ಮಾತ್ರ ತಿಳಿಯಬಾರದು. ಜನ ಬಿಟ್ಟುಹೋದ ಹಂಪಿಯಂಥ ಊರಲ್ಲ ಇದು. ಏಳು ಶತಮಾನಗಳಿಂದ ಜನ ಇದ್ದೇ ಇರುವ ಊರು. ಕೋಟೆಯೂ ಉಳಿಯಬೇಕು, ಜನರೂ ಬದುಕಬೇಕು ಎಂಬ ಲೆಕ್ಕವನ್ನು ಬಿಡಿಸುವುದು ಸುಲಭವಲ್ಲ.

ಐರ್ಲೆಂಡಿನ ಗೋಡೆ, ಲಿಂಗಸುಗೂರಿನ ಸಾಹೇಬ

ಅದನ್ನು ಬಿಡಿಸಿಕೊಂಡ ಊರುಗಳಿವೆ. ಐರ್ಲೆಂಡ್ ದ್ವೀಪದ ಉತ್ತರದಲ್ಲಿರುವ ಡೆರಿ ಪಟ್ಟಣ ಅದಕ್ಕೊಂದು ನಿದರ್ಶನ. ಅದೂ ಕೋಟೆ ಊರು, ಅದೂ ಮುತ್ತಿಗೆ ಕಂಡ ಊರು. 1613ರಿಂದ 1619ರವರೆಗೆ ಕಟ್ಟಿದ ಅದರ ಗೋಡೆಯ ಸುತ್ತಳತೆ ಸುಮಾರು ಒಂದೂವರೆ ಕಿಲೋಮೀಟರು. ಗೋಡೆಯ ಒಳಗೂ ಹೊರಗೂ ಜನವಸತಿ, ಅಂಗಡಿ ಬೀದಿ ಎಲ್ಲವೂ ಇವೆ. ಆದರೆ ಗೋಡೆಯ ಮೇಲೆ ಸುತ್ತಲೂ ನಡೆಯಲು ದಾರಿಯಿದೆ. ಅಲ್ಲಿಗೆ ಬಂದವರು ಮೊದಲು ಮಾಡುವ ಕೆಲಸವೇ ಗೋಡೆಯ ಮೇಲೆ ಒಂದು ಸುತ್ತು ಹಾಕುವುದು. ರಾಯಚೂರಿನ ಒಳಗೋಡೆ ಅದಕ್ಕಿಂತ ಮುನ್ನೂರು ವರ್ಷಕ್ಕೂ ಹೆಚ್ಚು ಹಳೆಯದು. ಇಲ್ಲಿ ಇಲ್ಲದಿರುವುದು ಗೋಡೆಯಲ್ಲ, ಗೋಡೆಯ ಗುಂಟ ನಡೆಯುವ ರೂಢಿ.

ಐರ್ಲೆಂಡಿಗೂ ಈ ನಾಡಿಗೂ ಇನ್ನೊಂದು ನಂಟುಂಟು. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಕರ್ನಲ್ ಮೆಡೋಸ್ ಟೇಲರ್ 1858ರ ನಂತರ ರಾಯಚೂರು ಸೀಮೆಯ ಅಧಿಕಾರಿಯಾಗಿ ಲಿಂಗಸುಗೂರಿನಲ್ಲಿದ್ದ. ಕೃಷ್ಣೆಯ ಆಚೀಚೆ ಬಯಲಿನಲ್ಲಿ ನಿಂತಿದ್ದ ಬೃಹತ್ ಶಿಲಾ ಸಮಾಧಿಗಳನ್ನು ಅವನು ಅಳೆದು, ಅಗೆದು, ಚಿತ್ರ ಬರೆದುಕೊಂಡ. ಇಂಥವೇ ಕಲ್ಲುಮನೆಗಳು ಐರ್ಲೆಂಡಿನಲ್ಲೂ ಇವೆ ಎಂಬುದು ಅವನನ್ನು ಕಾಡಿತು. 1860ರಲ್ಲಿ ಭಾರತ ಬಿಟ್ಟ ಮೇಲೆ ಡಬ್ಲಿನ್ನಿನಲ್ಲಿ ನೆಲೆಸಿ, ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ ಆ ಬಗ್ಗೆ ದೀರ್ಘ ಪ್ರಬಂಧ ಪ್ರಕಟಿಸಿದ. ಎರಡೂ ಒಂದೇ ಜನಾಂಗದ ಕೆಲಸವೆಂಬ ಅವನ ಕಾಲದ ಊಹೆಯನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಅವನ ಅಳತೆಗಳೂ ಚಿತ್ರಗಳೂ ಇಂದಿಗೂ ಉಪಯುಕ್ತ. ಬಯಲಿನ ಕಲ್ಲುಗಳನ್ನು ಕುತೂಹಲದಿಂದ ನೋಡಿದ ಒಬ್ಬ ಮನುಷ್ಯನಿಂದ ಎಡೆದೊರೆ ನಾಡಿನ ಸುದ್ದಿ ಡಬ್ಲಿನ್ನಿನವರೆಗೆ ಹೋಯಿತು.

ಎರಡನೆಯ ದಿನ: ದೇವದುರ್ಗದ ದಾರಿ

ಎರಡನೆಯ ದಿನಕ್ಕೆ ರಾಯಚೂರಿನಿಂದ ಎರಡು ದಾರಿ. ವಾಯವ್ಯಕ್ಕೆ ದೇವದುರ್ಗ ಸುಮಾರು 55 ಕಿ.ಮೀ.; ನೈಋತ್ಯಕ್ಕೆ ಮಾನ್ವಿ ಸುಮಾರು 45 ಕಿ.ಮೀ. ಎರಡಕ್ಕೂ ಸರ್ಕಾರಿ ಬಸ್ಸುಗಳ ಓಡಾಟವಿದೆ. 2023ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತ ಮೇಲೆ ಕುಟುಂಬದೊಡನೆ ಹೊರಡುವವರ ಖರ್ಚೂ ಇಳಿದಿದೆ. ಒಳಹಳ್ಳಿಗಳಿಗೆ ಮಾತ್ರ ಬಸ್ಸು ವಿರಳ. ಮರಳುವ ಬಸ್ಸಿನ ಹೊತ್ತನ್ನು ಇಳಿಯುವಾಗಲೇ ಕೇಳಿಕೊಳ್ಳಬೇಕು, ಇಲ್ಲವೇ ನಾಲ್ಕು ಜನ ಕೂಡಿ ಬಾಡಿಗೆ ವಾಹನ ಮಾಡಿಕೊಳ್ಳಬೇಕು.

ದೇವದುರ್ಗದ ದಾರಿಯಲ್ಲಿ ಅರ್ಧಕ್ಕೆ ಸಿಗುವ ಗಬ್ಬೂರಿನಲ್ಲಿ ಇಳಿಯದಿದ್ದರೆ ಪ್ರವಾಸ ಅಪೂರ್ಣ. ಇಂದು ಸಾಮಾನ್ಯ ಹಳ್ಳಿಯಂತೆ ಕಾಣುವ ಈ ಊರು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಹೆಸರಾಗಿತ್ತು. ಆ ಮಧ್ಯಯುಗದಲ್ಲಿ ವಿದ್ಯಾಕೇಂದ್ರವಾಗಿತ್ತು. ಮಲೆಶಂಕರ, ವೆಂಕಟೇಶ್ವರ, ಬಂಗಾರಿ ಬಸಪ್ಪ, ಹೀಗೆ ಗುಡಿಗಳ ಸಾಲೇ ಇಲ್ಲಿದೆ; ಶಾಸನಗಳೂ ಇವೆ. ಹಂಪಿಯ ಗುಡಿಗಳಂತೆ ಇವು ಊರಿನಿಂದ ದೂರ ನಿಂತಿಲ್ಲ. ಮನೆಗಳ ನಡುವೆ, ಬೀದಿಯ ತಿರುವಿನಲ್ಲಿ ಎದುರಾಗುತ್ತವೆ.

ದೇವದುರ್ಗ ಬೇಡರ ಪಾಳೆಯಗಾರರ ನೆಲೆ. ಹೆಸರಿನಲ್ಲೇ ದುರ್ಗವಿದೆ. ದೊಡ್ಡ ಅರಸರು ರಾಯಚೂರಿಗಾಗಿ ಬಡಿದಾಡುತ್ತಿದ್ದಾಗಲೂ ಆಮೇಲೂ ಹಳ್ಳಿಗಳ ಮಟ್ಟದಲ್ಲಿ ಅಧಿಕಾರ ನಡೆಸಿದವರು ಇಂಥ ಪಾಳೆಯಗಾರರು. ಈ ತಾಲ್ಲೂಕಿನ ಮೊಸರಕಲ್ಲು ಎಂಬ ಹಳ್ಳಿ ದಾಸ ಸಾಹಿತ್ಯದ ಗೋಪಾಲದಾಸರ ಹುಟ್ಟೂರು. ಕೃಷ್ಣೆಯ ದಡದ ಕೊಪ್ಪರದಲ್ಲಿ ನರಸಿಂಹನ ಗುಡಿಯಿದೆ. ಹೊಳೆಯನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ ಅದು ಒಳ್ಳೆಯ ತಾಣ.

ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆ ದೇವದುರ್ಗದ ಹೊಲಗಳ ಬಣ್ಣ ಬದಲಾಗಿದೆ. ಆದರೂ ಹಂಗಾಮು ಮುಗಿದ ಮೇಲೆ ಗುಳೆ ಹೊರಡುವ ಕುಟುಂಬಗಳು ಇಲ್ಲಿ ಇಂದಿಗೂ ಇವೆ. ಗಂಟುಮೂಟೆಯೊಡನೆ ಬೆಂಗಳೂರಿನ ಬಸ್ಸು ಹತ್ತುವವರನ್ನು ಪ್ರವಾಸಿಗರು ಬಸ್ ನಿಲ್ದಾಣದಲ್ಲಿ ಕಾಣಬಹುದು. ಕಟ್ಟಡದ ಕೆಲಸಕ್ಕೆ ಹೋಗುವ ಅವರನ್ನು ನೋಡಿದಾಗ, ರಾಯಚೂರಿನ ಗೋಡೆಯ ಮೇಲೆ ಗಾಡಿ ನೂಕುತ್ತಿರುವ ಆಳುಗಳು ನೆನಪಾದರೆ ಆಶ್ಚರ್ಯವಿಲ್ಲ.

ಮಾನ್ವಿಯ ದಾರಿ: ಸೋಲದ ಮಾತು

ಮಾನ್ವಿಯ ಕಡೆ ಹೊರಟರೆ ನೋಟ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು ರಸ್ತೆಯ ಎರಡೂ ಬದಿಗೆ. 1294ರ ಶಾಸನದ ಮಾನುವಕೋಟೆ ಇಂದು ಅವಶೇಷ ಮಾತ್ರ. ಆದರೆ ಕನ್ನಡ ಸಾಹಿತ್ಯದ ನಕ್ಷೆಯಲ್ಲಿ ಮಾನ್ವಿಯದು ದೊಡ್ಡ ಹೆಸರು, ಕೋಟೆಯಿಂದಲ್ಲ, ಹಾಡಿನಿಂದ.

ಈ ತಾಲ್ಲೂಕಿನ ಚೀಕಲಪರವಿಯಲ್ಲಿ 1682ರಲ್ಲಿ ವಿಜಯದಾಸರು ಹುಟ್ಟಿದರು. ತುಂಗಭದ್ರೆಯ ದಡದ ಹಳ್ಳಿ ಅದು. ಇಸವಿಯನ್ನು ಗಮನಿಸಬೇಕು. ಬಿಜಾಪುರ ಮೊಗಲರ ವಶವಾಗುವುದಕ್ಕೆ ನಾಲ್ಕು ವರ್ಷ ಮೊದಲು. ಅವರು ಬೆಳೆದದ್ದು ಹಳೆಯ ರಾಜ್ಯ ಕುಸಿದು ಹೊಸದು ನೆಲೆಗೊಳ್ಳದ ಕಾಲದಲ್ಲಿ. ಪುರಂದರದಾಸರ ನಂತರ ಸೊರಗಿದ್ದ ಹರಿದಾಸ ಪರಂಪರೆಗೆ ಮತ್ತೆ ಜೀವ ತುಂಬಿದವರು ಅವರು. ಅವರ ಶಿಷ್ಯರು ಮೊಸರಕಲ್ಲಿನ ಗೋಪಾಲದಾಸರು. ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಜಗನ್ನಾಥದಾಸರು ಆ ಸಾಲಿನ ಮುಂದಿನ ಕೊಂಡಿ.

ಜಗನ್ನಾಥದಾಸರ ಕಥೆ ಈ ಭಾಗದಲ್ಲಿ ಮಕ್ಕಳಿಗೂ ಗೊತ್ತು. ಶ್ರೀನಿವಾಸಾಚಾರ್ಯ ಎಂಬುದು ಅವರ ಪೂರ್ವದ ಹೆಸರು. ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆವ ಹೇಳಿ ತಪ್ಪಿಸಿಕೊಂಡರು. ಆ ಸುಳ್ಳು ನೋವೇ ನಿಜವಾಗಿ ಕಾಡಿತಂತೆ. ಕಡೆಗೆ ಗೋಪಾಲದಾಸರ ಬಳಿ ಹೋಗಿ ಗುಣ ಹೊಂದಿ, ತಾವೂ ದಾಸರಾದರು ಎಂಬುದು ಪರಂಪರೆಯ ಮಾತು. ಅದೇ ಪಂಡಿತರು ಮುಂದೆ ‘ಹರಿಕಥಾಮೃತಸಾರ’ವನ್ನು ಕನ್ನಡದ ಭಾಮಿನಿ ಷಟ್ಪದಿಯಲ್ಲಿ ಬರೆದರು. ಮಾಧ್ವ ಮನೆಗಳಲ್ಲಿ ಇಂದಿಗೂ ಅದರ ಪಾರಾಯಣ ನಡೆಯುತ್ತದೆ. 1809ರಲ್ಲಿ ಅವರು ತೀರಿಕೊಂಡರು. ಮಾನ್ವಿಯಲ್ಲಿ ಅವರು ಬಾಳಿದ ಮನೆಯ ನೆಲೆಯೂ ಅವರ ಸನ್ನಿಧಾನವಿದೆಯೆಂದು ಭಕ್ತರು ನಂಬುವ ಕಂಬವೂ ಇವೆ. ಭಾದ್ರಪದ ಶುದ್ಧ ನವಮಿಗೆ ಜಗನ್ನಾಥದಾಸರ, ಕಾರ್ತಿಕ ಶುದ್ಧ ದಶಮಿಗೆ ವಿಜಯದಾಸರ ಆರಾಧನೆ. ಹಾಡು ಕೇಳಬಯಸುವವರು ಆ ದಿನಗಳಿಗೆ ಹೊಂದಿಸಿಕೊಂಡು ಬರುವುದು ಒಳಿತು.

ಭಕ್ತಿಯ ಮಾತು ಬದಿಗಿಟ್ಟರೂ ಇಲ್ಲಿ ಯೋಚಿಸಬೇಕಾದ ಸಂಗತಿಯಿದೆ. ಈ ಮೂವರೂ ಬದುಕಿದ ಕಾಲದಲ್ಲಿ ಎಡೆದೊರೆ ನಾಡಿನ ದೊರೆಗಳಲ್ಲಿ ಕನ್ನಡದವರಿರಲಿಲ್ಲ. ದರಬಾರಿನ ಭಾಷೆ ಪಾರ್ಸಿ, ಪಂಡಿತರದು ಸಂಸ್ಕೃತ. ಆ ಹೊತ್ತಿನಲ್ಲಿ ಒಂದರ ಪಕ್ಕ ಒಂದಿರುವ ಎರಡು ತಾಲ್ಲೂಕುಗಳ ಮೂರು ಹಳ್ಳಿಗಳಿಂದ ಕನ್ನಡದ ಹಾಡುಗಳು ಹೊರಟವು. ಅವುಗಳಿಗೆ ಗೋಡೆಯ ಕಾವಲಿರಲಿಲ್ಲ, ತೋಪಿನ ಬೆಂಬಲವಿರಲಿಲ್ಲ. ಕೇಳಿದವರು ಕಲಿತರು, ಕಲಿತವರು ಕಲಿಸಿದರು. ರಾಯಚೂರು ಕೋಟೆಯನ್ನು ಗೆದ್ದವರೆಲ್ಲ ಒಂದಲ್ಲ ಒಂದು ದಿನ ಅದನ್ನು ಕಳೆದುಕೊಂಡರು. ಮಾನ್ವಿಯ ಹಾಡನ್ನು ಯಾರೂ ಕಿತ್ತುಕೊಳ್ಳಲಾಗಲಿಲ್ಲ.

ಮೂರನೆಯ ದಿನವಿದ್ದರೆ

ಇನ್ನೊಂದು ದಿನ ಬಿಡುವಿದ್ದವರು ಮಾನ್ವಿಯಿಂದ ಸಿಂಧನೂರಿನ ಮೇಲೆ ಮಸ್ಕಿಗೆ ಹೋಗಬಹುದು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಇಲ್ಲಿಯ ಬಂಡೆಯ ಮೇಲೆ ಬರಹ ಕಂಡ. ಓದಿ ನೋಡಿದರೆ ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕಿದ್ದ ಬಂಡೆ, ಕಂಬಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಆ ಬಿರುದಿನ ಅರಸ ಅಶೋಕನೇ ಎಂಬುದಕ್ಕೆ ಮೊದಲ ಬಾರಿಗೆ ನೇರ ಪುರಾವೆ ಕೊಟ್ಟದ್ದು ಮಸ್ಕಿ. ಮುಂದೆ ಲಿಂಗಸುಗೂರು ದಾಟಿದರೆ ಮುದಗಲ್ಲು. ಅಲ್ಲಿ ಕೋಟೆ ಉಂಟು, ಊರೆಲ್ಲ ಸೇರಿ ಆಚರಿಸುವ ಮೊಹರಂ ಉಂಟು. ಆದರೆ ಎಲ್ಲವನ್ನೂ ಎರಡೇ ದಿನಕ್ಕೆ ತುರುಕಲು ಹೊರಟವರಿಗೆ ಕಿಟಕಿಯಲ್ಲಿ ಕಂಡ ರಸ್ತೆಯಷ್ಟೇ ದಕ್ಕುತ್ತದೆ. ಮಸ್ಕಿ, ಮುದಗಲ್ಲುಗಳನ್ನು ಇನ್ನೊಂದು ಸಲಕ್ಕೆ ಉಳಿಸಿಕೊಂಡರೂ ನಷ್ಟವಿಲ್ಲ. ಮಸ್ಕಿಯ ಬಂಡೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಅಲ್ಲಿಯೇ ಕಾದಿದೆ.

ಹಾಗೆ ಕಾಯುವ ಶಕ್ತಿ ಎಲ್ಲ ಕಲ್ಲುಗಳಿಗೂ ಇಲ್ಲ. ಬೀದಿಯ ಮೂಲೆಯ ಶಾಸನಕ್ಕೆ ಸುಣ್ಣ ಬಳಿಯಲು, ಗುಡಿಯ ಕಂಬಕ್ಕೆ ದನ ಕಟ್ಟಲು, ಕೋಟೆಯ ಕಲ್ಲು ಮನೆಯ ಪಾಯಕ್ಕೆ ಹೋಗಲು ಹೆಚ್ಚು ಕಾಲ ಬೇಕಿಲ್ಲ. ಕಾನೂನು ಕಾವಲು ಕಾಯಬಹುದು. ಆದರೆ ನೋಡಲು ಜನ ಬರುತ್ತಾರೆ ಎಂಬ ತಿಳಿವಳಿಕೆ ಊರಿನಲ್ಲಿ ಮೂಡುವುದು ಅದಕ್ಕಿಂತ ಗಟ್ಟಿಯಾದ ಕಾವಲು. ಹೊರಗಿನಿಂದ ಬಂದವರು ಗಬ್ಬೂರಿನ ಗುಡಿ ಯಾವ ಕಡೆ ಎಂದು ಕೇಳಿದಾಗ, ದಾರಿ ತೋರಿಸುವ ಹುಡುಗನಿಗೂ ಅದರಲ್ಲಿ ಏನೋ ಇದೆ ಎಂದು ಅನಿಸುತ್ತದೆ. ಅಲ್ಲಿ ಕುಡಿದ ಚಹಾ, ಉಂಡ ರೊಟ್ಟಿ, ಕೊಟ್ಟ ಬಾಡಿಗೆ ಆ ಊರಿನ ಯಾರದೋ ಕೈ ಸೇರುತ್ತದೆ.

ರಾಯಚೂರು ನಿಲ್ದಾಣದಲ್ಲಿ ರೈಲು ಇಳಿಯುವವರು ಮುಂದಿನ ಸಲ ಟಿಕೆಟು ಮಾಡಿಸುವಾಗ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡರೆ ಸಾಕು. ಮೊದಲ ದಿನ ಗೋಡೆ, ಎರಡನೆಯ ದಿನ ಹಾಡು. ಮಂತ್ರಾಲಯವೂ ಹಂಪಿಯೂ ಎಲ್ಲಿಗೂ ಓಡಿ ಹೋಗುವುದಿಲ್ಲ.